ಪಾಳಿ ಒಂದೇ, ದಾರಿ ಬೇರೆ

ಹುಬ್ಬಳ್ಳಿಯ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಪಾಳಿ ಹಚ್ಚಿದವರಿಗೆ ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಗೊತ್ತು. ಅಂಗಾಂಗ ಕಸಿಗೂ ಪಾಳಿ ಇದೆ. ಅಲ್ಲಿ ರಕ್ತದ ಗುಂಪು, ಅಂಗದ ಅಳತೆ, ರೋಗದ ತೀವ್ರತೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹಣ ಮಾತ್ರ ಲೆಕ್ಕಕ್ಕೆ ಬರಬಾರದೆಂಬುದು ಬಹುತೇಕ ದೇಶಗಳ ಕಾನೂನಿನ ಆಶಯ. ಹಾಗಾದರೆ ಸಿರಿವಂತನೂ ಬಡವನೂ ಆ ಪಾಳಿಯಲ್ಲಿ ಸಮಾನರೇ?

ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಅವರಿಗೆ 2009ರ ಮಾರ್ಚ್‌ನಲ್ಲಿ ಯಕೃತ್ತಿನ, ಅಂದರೆ ಲಿವರಿನ, ಕಸಿಯಾದಾಗ ಈ ಪ್ರಶ್ನೆ ಜಗತ್ತಿನ ಗಮನ ಸೆಳೆಯಿತು. ಅವರ ಮನೆ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಶಸ್ತ್ರಚಿಕಿತ್ಸೆ ನಡೆದದ್ದು ದೂರದ ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ. ಅವರ ರಕ್ತದ ಗುಂಪಿನವರಲ್ಲಿ ಆಗ ಅವರೇ ಅತ್ಯಂತ ಅಸ್ವಸ್ಥರಾಗಿದ್ದರೆಂದು ಆಸ್ಪತ್ರೆ ಹೇಳಿತು. ಪಾಳಿ ತಪ್ಪಿರಲಿಲ್ಲ. ಆದರೆ ಅಮೆರಿಕದಲ್ಲಿ ಒಬ್ಬ ರೋಗಿ ಒಂದಕ್ಕಿಂತ ಹೆಚ್ಚು ಕಡೆ ಹೆಸರು ಬರೆಸಬಹುದು. ಕರೆ ಬಂದಾಗ ಕೆಲವೇ ಗಂಟೆಗಳಲ್ಲಿ ಅಲ್ಲಿರಬೇಕು, ಅಷ್ಟೇ. ಸ್ವಂತ ವಿಮಾನ ಇದ್ದವರಿಗೆ ಅದು ಕಷ್ಟವಲ್ಲ. ಕಾನೂನು ಎಲ್ಲರಿಗೂ ತೆರೆದಿಟ್ಟ ಬಾಗಿಲನ್ನು ಎಲ್ಲರೂ ತಲುಪಲಾರರು.

ನಮ್ಮಲ್ಲಿ 1990ರ ದಶಕದಲ್ಲಿ ಬೆಂಗಳೂರು ಕಿಡ್ನಿ ಮಾರಾಟದ ಜಾಲದಿಂದ ಕುಖ್ಯಾತವಾಗಿತ್ತು. ಸಾಲಕ್ಕೆ ಸಿಕ್ಕ ಬಡವನ ಅಂಗ ಉಳ್ಳವನಿಗೆ ಹೋಗುತ್ತಿತ್ತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಈ ವ್ಯಾಪಾರವನ್ನು ಅಪರಾಧವೆಂದಿತು. ಮಿದುಳಿನ ಸಾವನ್ನು ಸಾವೆಂದು ಒಪ್ಪಿ, ಮೃತರ ಅಂಗದಾನಕ್ಕೆ ದಾರಿ ಮಾಡಿತು. ಕರ್ನಾಟಕದಲ್ಲಿ ಇಂಥ ಅಂಗಗಳ ಹಂಚಿಕೆಯ ಹೊಣೆ ಜೀವಸಾರ್ಥಕತೆ ಸಂಸ್ಥೆಯದು. 2021ರಲ್ಲಿ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದಾಗ ಈ ವಿಚಾರ ಮನೆಮನೆಯ ಮಾತಾಯಿತು.

ಮಾರಾಟ ಅಪರಾಧವಾಯಿತಾದರೂ ದೂರ ಹಾಗೆಯೇ ಉಳಿಯಿತು. ದೇಹದಿಂದ ತೆಗೆದ ಹೃದಯವನ್ನು ಸುಮಾರು 4 ಗಂಟೆ, ಯಕೃತ್ತನ್ನು 12 ಗಂಟೆ, ಮೂತ್ರಪಿಂಡವನ್ನು ಒಂದು ದಿನದ ಮಟ್ಟಿಗೆ ಕಾಪಾಡಬಹುದು. ಹೀಗಾಗಿ ಕಸಿ ಕೇಂದ್ರದ ಹತ್ತಿರ ಇರುವವನಿಗೆ ಅನುಕೂಲ ಹೆಚ್ಚು. ಧಾರವಾಡದ ಎಸ್‌ಡಿಎಂನಲ್ಲಿ ಮೂತ್ರಪಿಂಡದ, ಬೆಳಗಾವಿಯ ಕೆಎಲ್‌ಇಯಲ್ಲಿ ಹೃದಯದ ಕಸಿ ನಡೆದಿರುವುದು ಸಮಾಧಾನದ ಸಂಗತಿ. ಆದರೂ ರಾಜ್ಯದ ಕಸಿ ಕೇಂದ್ರಗಳು ಬಹುಪಾಲು 400 ಕಿ.ಮೀ. ಆಚೆಯ ಬೆಂಗಳೂರಿನಲ್ಲೇ ಇವೆ. ಬಿಪಿಎಲ್ ಕುಟುಂಬಗಳ ಶಸ್ತ್ರಚಿಕಿತ್ಸೆಗೆ ಸರ್ಕಾರ ನೆರವು ನೀಡುತ್ತದೆ. ತಪಾಸಣೆಗೆ ಮತ್ತೆ ಮತ್ತೆ ಹೋಗಿಬರುವ ಖರ್ಚು, ಆಸ್ಪತ್ರೆಯ ಬಳಿ ಬಾಡಿಗೆ ಕೋಣೆ, ತಪ್ಪಿದ ಕೂಲಿ, ಬದುಕಿರುವವರೆಗೂ ನುಂಗಬೇಕಾದ ಔಷಧ, ಇವುಗಳ ಭಾರ ಬಹುಮಟ್ಟಿಗೆ ಮನೆಯವರ ಮೇಲೆಯೇ. ಯಾವ ರಾಜ್ಯದಲ್ಲಾದರೂ ಹೆಸರು ನೋಂದಾಯಿಸಬಹುದೆಂದು 2023ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಒಳ್ಳೆಯ ನಿಯಮವೇ ಸರಿ; ಆದರೆ ಕಲಘಟಗಿಯ ರೈತ ಚೆನ್ನೈಗೆ ಹೋಗಿ ಕಾಯುವುದು ಹೇಗೆ?

ಇನ್ನೊಂದು ಮಾತು. ನಮ್ಮಲ್ಲಿ ಮೃತ ದಾನಿಗಳ ಪೈಕಿ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರೇ ಹೆಚ್ಚು. ಬೈಕಿನ ಸವಾರರು, ದಾರಿಹೋಕರು, ಸಾಮಾನ್ಯ ಮನೆತನದವರು ಅವರಲ್ಲಿದ್ದಾರೆ. ಕೊಡುವಾಗ ಯಾರೂ ಅವರ ಆದಾಯ ಕೇಳುವುದಿಲ್ಲ. ಪಡೆಯುವಾಗ ಅದೇ ಅಡ್ಡ ಬರುತ್ತದೆ.

ಜಾಬ್ಸ್ ತಮಗೆ ಸಿಕ್ಕ ಅವಕಾಶವನ್ನು ಮರೆಯಲಿಲ್ಲ. ವಾಹನ ಚಾಲನಾ ಪರವಾನಗಿ ಪಡೆಯುವವರನ್ನೆಲ್ಲ ಅಂಗದಾನದ ಬಗ್ಗೆ ಕೇಳಲೇಬೇಕೆಂಬ ಕ್ಯಾಲಿಫೋರ್ನಿಯಾದ 2010ರ ಕಾನೂನಿಗೆ ಅವರು ಬೆಂಬಲ ಕೊಟ್ಟರು. 2011ರಲ್ಲಿ ತೀರಿಕೊಂಡರು. ದಾನಿಗಳು ಹೆಚ್ಚಿದರೆ ಪಾಳಿ ಮುಂದೆ ಸರಿಯುತ್ತದೆ, ನಿಜ. ಆ ಪಾಳಿಗೆ ಬಂದು ಸೇರುವ ದಾರಿಯೂ ಬಡವನಿಗೆ ಹತ್ತಿರವಾಗಬೇಕು. ಇಲ್ಲವಾದರೆ ಅಂಗ ಕೊಟ್ಟ ಮನೆಯವರೇ ನಾಳೆ ತಮಗೆ ಬೇಕಾದಾಗ ಪಾಳಿಯ ಹೊರಗೆ ನಿಂತಿರುತ್ತಾರೆ.