ಬಾಯಿಯೊಳಗಣ ಗಡ್ಡೆ ಮತ್ತು ದೇಹದ ರಕ್ಷಣಶಕ್ತಿ

ನಮ್ಮ ಬಾಯಿಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಸದಾ ನೆಲಸಿರುತ್ತವೆ. ಆದರೂ ನಾವು ಸ್ವಸ್ಥರಾಗಿರುವುದಕ್ಕೆ ದೇಹದ ರಕ್ಷಣಶಕ್ತಿಯೇ ಕಾರಣವು. ಊರಿನ ತಳವಾರನಂತೆ ಅದು ಹಗಲಿರುಳೂ ಕಾವಲಿರುತ್ತದೆ. ಈ ಕಾವಲು ಸಡಿಲವಾದಾಗ ಬಾಯಿಯಲ್ಲಿ ಕೆಲವು ಬಗೆಯ ಗಡ್ಡೆಗಳು ತಲೆದೋರುವುದುಂಟು. ಅವುಗಳಲ್ಲಿ ಮುಖ್ಯವಾದುದು ಕಪೋಸಿ ಸಾರ್ಕೋಮ.

ಇದನ್ನು 1872ರಲ್ಲಿ ಮೊದಲು ವರ್ಣಿಸಿದವರು ವಿಯೆನ್ನಾ ನಗರದ ಚರ್ಮವೈದ್ಯರಾದ ಮೊರಿಟ್ಜ್ ಕಪೋಸಿ. ಬಹುಕಾಲದವರೆಗೆ ಇದು ಯುರೋಪಿನ ವೃದ್ಧರ ಕಾಲುಗಳಲ್ಲಿ ನಿಧಾನವಾಗಿ ಬೆಳೆಯುವ ಅಪರೂಪದ ವ್ಯಾಧಿಯೆಂದೇ ಎಣಿಸಲ್ಪಟ್ಟಿತ್ತು. 1981ರಲ್ಲಿ ಅಮೆರಿಕದ ನ್ಯೂಯಾರ್ಕ್, ಕ್ಯಾಲಿಫೋರ್ನಿಯಗಳ ತರುಣರಲ್ಲಿ ಇದು ಕಾಣಿಸಿಕೊಂಡಾಗ ವೈದ್ಯರು ಬೆರಗಾದರು. ಆ ತರುಣರ ರಕ್ಷಣಶಕ್ತಿಯು ಕುಂದಿಹೋಗಿತ್ತು. ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಮೊದಲ ಕುರುಹುಗಳಲ್ಲಿ ಇದೂ ಒಂದು. ಈ ಗಡ್ಡೆಗೆ ಮೂಲವಾದ, ಹರ್ಪಿಸ್ ಕುಲದ ವೈರಸ್ಸನ್ನು 1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಕಂಡುಹಿಡಿದರು. ರಕ್ಷಣಶಕ್ತಿ ಬಲವಾಗಿದ್ದರೆ ಈ ವೈರಸ್ಸು ದೇಹದಲ್ಲಿದ್ದರೂ ಸಾಮಾನ್ಯವಾಗಿ ಗಡ್ಡೆಯನ್ನುಂಟುಮಾಡುವುದಿಲ್ಲ.

ಬಾಯಿಯಲ್ಲಿ ಇದು ಹೆಚ್ಚಾಗಿ ಅಂಗುಳಿನ ಮೇಲೂ ಒಸಡಿನಲ್ಲೂ ಹುಟ್ಟುತ್ತದೆ. ಮೊದಲು ತೋರುವುದು ಕೆಂಪು ಅಥವಾ ನೇರಳೆ ಬಣ್ಣದ ಚಪ್ಪಟೆಯಾದ ಕಲೆ. ನೋವಿಲ್ಲದ ಕಾರಣ ರೋಗಿಯು ಅದನ್ನು ಗಮನಿಸದಿರಬಹುದು. ಕ್ರಮೇಣ ಅದು ಉಬ್ಬಿ, ಹುಣ್ಣಾಗಿ, ರಕ್ತ ಒಸರಿ, ಉಣ್ಣುವುದೂ ಮಾತನಾಡುವುದೂ ಕಷ್ಟವಾಗುತ್ತದೆ. ಗಡ್ಡೆಯ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ರೋಗವು ನಿಶ್ಚಯವಾಗುತ್ತದೆ.

ಚಿಕಿತ್ಸೆಯ ಮರ್ಮವು ಕಾವಲನ್ನು ಮರಳಿ ನಿಲ್ಲಿಸುವುದರಲ್ಲಿದೆ. ಎಚ್.ಐ.ವಿ. ಸೋಂಕಿದವರು ಆ ವೈರಸ್ಸನ್ನು ಅಡಗಿಸುವ ಔಷಧಗಳನ್ನು ತಪ್ಪದೆ ಸೇವಿಸಿದರೆ ಅನೇಕ ವೇಳೆ ಗಡ್ಡೆಯು ತಾನಾಗಿ ಕುಗ್ಗುತ್ತದೆ. ಬೇರೊಬ್ಬರ ಮೂತ್ರಪಿಂಡವನ್ನು ಪಡೆದವರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಹೊಸ ಅಂಗವನ್ನು ಉಳಿಸುವ ಔಷಧವೇ ಅವರ ರಕ್ಷಣಶಕ್ತಿಯನ್ನು ತಗ್ಗಿಸುತ್ತದೆ. ಅದರ ಪ್ರಮಾಣವನ್ನು ಇಳಿಸುವುದು ಅಥವಾ ಔಷಧವನ್ನೇ ಬದಲಿಸುವುದು ವೈದ್ಯರ ಕೆಲಸ. ರೋಗಿಯು ತಾನಾಗಿ ನಿಲ್ಲಿಸಿದರೆ ಅಂಗವನ್ನೇ ಕಳೆದುಕೊಳ್ಳಬಹುದು. ರೋಗವು ಬಲಿತಿದ್ದರೆ ಕ್ಯಾನ್ಸರ್ ಔಷಧಗಳೂ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತವೆ.

ನಮ್ಮ ದೇಶದಲ್ಲಿ ಈ ಗಡ್ಡೆ ವಿರಳ. ಹೊಗೆಸೊಪ್ಪು, ಅಡಕೆಗಳಿಂದ ಬರುವ ಬಾಯಿಯ ಕ್ಯಾನ್ಸರೇ ಹೆಚ್ಚು. ಎರಡರಲ್ಲಿಯೂ ಎಚ್ಚರಿಕೆಯ ಕ್ರಮವೊಂದೇ. ಎರಡು ವಾರಗಳಾದರೂ ಮಾಯದ ಕಲೆ, ಗಂಟು, ಹುಣ್ಣುಗಳನ್ನು ವೈದ್ಯರಿಗೆ ತೋರಿಸತಕ್ಕದ್ದು. ಎಚ್.ಐ.ವಿ.ಯು ಸಹಭೋಜನದಿಂದ ಹರಡದು. ಆದುದರಿಂದ ಅಂಥ ರೋಗಿಯನ್ನು ಪಂಕ್ತಿಯಿಂದ ದೂರವಿಡದೆ, ಆಸ್ಪತ್ರೆಗೆ ಜೊತೆಯಾಗಿ ಹೋಗುವುದೇ ಬಂಧುಗಳ ಧರ್ಮ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವನ ರೋಗವು ಒಳಗೇ ಬೆಳೆಯುತ್ತದೆ.