ಕಣ್ಣಿನ ಮಸೂರವೂ ತಾಮಸ್ ಯಂಗನ ತಪ್ಪೂ

ಪುಸ್ತಕವನ್ನು ಓದುತ್ತಿರುವವನು ತಲೆಯೆತ್ತಿ ದೂರದ ಬೆಟ್ಟವನ್ನು ನೋಡಿದರೆ ಅದೂ ಅವನಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಕಣ್ಣು ಈ ಹೊಂದಾಣಿಕೆಯನ್ನು ಸಾಧಿಸುವ ಬಗೆ ಯಾವುದು? ಬಿಂಬವು ಮೂಡುವುದು ಅಕ್ಷಿಪಟಲದ ಮೇಲೆಂದು ಕೆಪ್ಲರನು 1604ರಲ್ಲಿಯೇ ತೋರಿಸಿದ್ದನು. ಆದರೆ ಹೊಂದಾಣಿಕೆಯ ಪ್ರಶ್ನೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ವಿವಾದಗ್ರಸ್ತವಾಗಿಯೇ ಉಳಿಯಿತು. ಕಾರ್ನಿಯಾದ ವಕ್ರತೆ ಬದಲಾಗುತ್ತದೆಂದು ಕೆಲವರು, ಕಣ್ಣುಗುಡ್ಡೆಯೇ ನೀಳವಾಗುತ್ತದೆಂದು ಕೆಲವರು, ಮಸೂರವು ಮುಂದಕ್ಕೆ ಸರಿಯುತ್ತದೆಂದು ಮತ್ತೆ ಕೆಲವರು ವಾದಿಸುತ್ತಿದ್ದರು.

1793ರಲ್ಲಿ ಇಂಗ್ಲೆಂಡಿನ ತಾಮಸ್ ಯಂಗನು ಈ ವಾದವನ್ನು ಪ್ರವೇಶಿಸಿದನು. ಆತನಿಗೆ ಆಗ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಆಗತಾನೆ ಕೊಂದ ಎತ್ತಿನ ಕಣ್ಣನ್ನು ಕೊಯ್ದು ನೋಡಿ, ಮಸೂರವು ಎಳೆಗಳ ಪದರಗಳಿಂದ ರಚಿತವಾಗಿರುವುದನ್ನು ಕಂಡನು. ಈ ಎಳೆಗಳು ಸ್ನಾಯುಗಳೆಂದೂ, ಅವು ಸಂಕುಚಿತವಾಗಿ ಮಸೂರವನ್ನು ಉಬ್ಬಿಸುತ್ತವೆಂದೂ ರಾಯಲ್ ಸೊಸೈಟಿಗೆ ನಿರೂಪಿಸಿದನು. ಆದರೆ ಈ ವಿಚಾರವು ಮೊದಲು ಜಾನ್ ಹಂಟರನದೆಂಬ ಆರೋಪ ಬಂದಿತು. ಕಾರ್ನಿಯಾದ ಪಕ್ಷವನ್ನು ಸಮರ್ಥಿಸುವ ಪ್ರಯೋಗಗಳೂ ಪ್ರಕಟವಾದುವು. ಯಂಗನು ತನ್ನ ಮತವನ್ನು ಹಿಂತೆಗೆದುಕೊಂಡನು.

ಆದರೂ ಆತನು ವಿಷಯವನ್ನು ಕೈಬಿಡಲಿಲ್ಲ. 1800ರಲ್ಲಿ ಓದಿದ ಉಪನ್ಯಾಸದಲ್ಲಿ ತನ್ನ ಕಣ್ಣಿನ ಮೇಲೆಯೇ ಮಾಡಿದ ಪರೀಕ್ಷೆಗಳನ್ನು ವಿವರಿಸಿದನು. ನೀರು ಕಾರ್ನಿಯಾವನ್ನು ಮುಟ್ಟಿದೊಡನೆ ಅದರ ವಕ್ರೀಕರಣಶಕ್ತಿ ಬಹುಮಟ್ಟಿಗೆ ಅಳಿಯುತ್ತದೆ. ಆ ನಷ್ಟವನ್ನು ಗಾಜಿನ ಮಸೂರದಿಂದ ತುಂಬಿ ನೋಡಿದಾಗಲೂ ಹೊಂದಾಣಿಕೆ ಮೊದಲಿನಂತೆಯೇ ಉಳಿಯಿತು. ಆದುದರಿಂದ ಕಾರ್ನಿಯಾ ಕಾರಣವಲ್ಲ. ಮಸೂರವನ್ನು ಕಳೆದುಕೊಂಡವರಲ್ಲಿ ಹೊಂದಾಣಿಕೆ ಇಲ್ಲದಿರುವುದನ್ನೂ ಆತನು ಕಂಡನು. ಮಸೂರವೇ ಆಕಾರವನ್ನು ಬದಲಿಸುತ್ತದೆಂಬ ತೀರ್ಮಾನ ಹೀಗೆ ದೃಢಪಟ್ಟಿತು.

ತೀರ್ಮಾನ ಸರಿ; ಆದರೆ ಸ್ನಾಯುವಿನ ಕಲ್ಪನೆ ತಪ್ಪು. ಆ ಎಳೆಗಳು ನೀಳವಾಗಿ ಬೆಳೆದ ಪಾರದರ್ಶಕ ಜೀವಕೋಶಗಳೇ ಹೊರತು ಸ್ನಾಯುಗಳಲ್ಲ. ಮಸೂರದ ಹೊರಗೆ ಸುತ್ತಲೂ ಇರುವ ಸಿಲಿಯರಿ ಸ್ನಾಯು ಬಿಗಿದಾಗ ಮಸೂರವನ್ನು ಹಿಡಿದಿರುವ ತಂತುಗಳು ಸಡಿಲವಾಗುತ್ತವೆ. ಆಗ ಮಸೂರವು ತನ್ನ ಸ್ಥಿತಿಸ್ಥಾಪಕ ಗುಣದಿಂದ ತಾನಾಗಿಯೇ ಉಬ್ಬುತ್ತದೆಂದು ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ವಿವರಿಸಿದನು.

ಇತರ ಪ್ರಾಣಿಗಳ ಕಣ್ಣುಗಳೂ ಇದನ್ನೇ ಸಮರ್ಥಿಸುತ್ತವೆ. ಡೇವಿಡ್ ಬ್ರೂಸ್ಟರನು 1830ರ ದಶಕದಲ್ಲಿ ಕಾಡ್ ಮೀನಿನ ಮಸೂರವನ್ನು ಪರೀಕ್ಷಿಸಿ, ಅದರ ಎಳೆಗಳು ಅಂಚಿನ ಹಲ್ಲುಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ವರ್ಣಿಸಿದನು. ಆದರೆ ಮೀನಿನ ಗೋಳಾಕಾರದ ಗಟ್ಟಿ ಮಸೂರ ಉಬ್ಬುವುದಿಲ್ಲ. ಇಡಿಯಾಗಿ ಹಿಂದುಮುಂದಕ್ಕೆ ಸರಿಯುತ್ತದೆ. ಹಕ್ಕಿಯಲ್ಲಿ ಸುತ್ತಲಿನ ಸ್ನಾಯು ಮಸೂರವನ್ನು ಒತ್ತಿ ಉಬ್ಬಿಸುತ್ತದೆ. ಯಂಗನು ಕೊಯ್ದ ಎತ್ತಿನಲ್ಲಿಯಾದರೋ ಹೊಂದಾಣಿಕೆಯ ಶಕ್ತಿ ಅತ್ಯಲ್ಪ. ಎಳೆಗಳು ಎಲ್ಲ ಕಡೆಯೂ ಉಂಟು, ಉಬ್ಬುವಿಕೆ ಮಾತ್ರ ಕೆಲವೆಡೆ. ಆದುದರಿಂದ ಮೊದಲನೆಯದು ಎರಡನೆಯದರ ಕಾರಣವಾಗಲಾರದು.

ಒಂದೇ ಪ್ರಾಣಿಯ ರಚನೆಯಿಂದ ಕಾರ್ಯವನ್ನು ಊಹಿಸಿದ್ದು ಯಂಗನ ದೋಷ. ಊಹೆಯನ್ನು ಮತ್ತೆ ಪ್ರಯೋಗಕ್ಕೆ ಒಡ್ಡಿದ್ದು ಆತನ ಹಿರಿಮೆ. ವಿಜ್ಞಾನದ ಇತಿಹಾಸವನ್ನು ಓದುವವರು ಇವೆರಡನ್ನೂ ಜೊತೆಯಾಗಿಯೇ ಗಮನಿಸಬೇಕು. ಒಂದನ್ನು ಬಿಟ್ಟರೆ ಅದು ಬರಿಯ ನಿಂದೆಯಾದೀತು, ಇಲ್ಲವೆ ಬರಿಯ ಸ್ತುತಿಯಾದೀತು.