ಬಾಳೆಹಣ್ಣು ಕೂಡದು, ಅಲೆಯೇರಬಹುದು!

ಸಮುದ್ರ ತೀರಕ್ಕೆ ಹೋದಾಗ ನಾವು ಹೆಂಗಸರು ಏನು ಮಾಡುತ್ತೇವೆ ಹೇಳಿ? ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು, “ಮುಂದೆ ಹೋಗ್ಬೇಡ್ರೋ” ಎಂದು ಮಕ್ಕಳನ್ನು ಕೂಗುತ್ತೇವೆ. ಮನೆಯವರ ಚಪ್ಪಲಿ, ವಾಚು ಕಾಯುವ ಕೆಲಸವೂ ನಮ್ಮದೇ. ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ದಡಕ್ಕೆ ಬರುವ ಸರ್ಫಿಂಗ್ ಆಟವನ್ನು ಟಿ.ವಿ.ಯಲ್ಲಿ ಕಂಡಾಗ, ಇದು ಗಂಡುಮಕ್ಕಳ ಸಾಹಸ ಎಂದೇ ನಾನು ತಿಳಿದಿದ್ದೆ. ಅದರ ಚರಿತ್ರೆ ಓದಿದ ಮೇಲೆ ಆ ಭ್ರಮೆ ಹೋಯಿತು.

ಈ ಆಟ ಅರಳಿದ್ದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ. 1779ರಲ್ಲಿ ಕ್ಯಾಪ್ಟನ್ ಕುಕ್‌ನ ಜೊತೆ ಬಂದಿದ್ದ ಜೇಮ್ಸ್ ಕಿಂಗ್ ಎಂಬ ಅಧಿಕಾರಿ ಇದನ್ನು ಕಂಡು ಬೆರಗಾಗಿ ಬರೆದಿಟ್ಟ. ಅಲ್ಲಿ ಅರಸರು, ಬಡವರು, ಹೆಂಗಸರು, ಮಕ್ಕಳು ಎಲ್ಲರೂ ಅಲೆಯೇರುವವರೇ. ಆಟ ಮುಗಿದ ಮೇಲೆ ಹಲಗೆಯನ್ನು ಒಣಗಿಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿ ಮನೆಯೊಳಗೆ ತೂಗುಹಾಕುತ್ತಿದ್ದರಂತೆ. ನಾವು ಉಪ್ಪಿನಕಾಯಿ ಜಾಡಿಗೆ ಮಾಡುವಷ್ಟೇ ಜೋಪಾನ!

ವಿಚಿತ್ರ ನೋಡಿ, ಅದೇ ನಾಡಿನಲ್ಲಿ ‘ಕಪು’ ಎಂಬ ಕಟ್ಟುಪಾಡಿತ್ತು. ಹೆಂಗಸರು ಗಂಡಸರ ಜೊತೆ ಕೂತು ಉಣ್ಣುವಂತಿಲ್ಲ. ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಬಗೆಯ ಬಾಳೆಹಣ್ಣು ತಿನ್ನುವಂತಿಲ್ಲ. ತಪ್ಪಿದರೆ ಮರಣದಂಡನೆಯೂ ಆಗಬಹುದಿತ್ತು. ತೆಂಗು, ಬಾಳೆ ಇಲ್ಲದ ನಮ್ಮ ಅಡುಗೆಮನೆಯನ್ನು ನೆನೆಸಿಕೊಳ್ಳಿ! ಆದರೆ ಹೆಣ್ಣೆಂಬ ಕಾರಣಕ್ಕೆ ಅಲೆಯನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.

ರಾಜ ಕಮೆಹಮೆಹಾನ ಮೆಚ್ಚಿನ ರಾಣಿ ಕಾಅಹುಮನು. ದೋಣಿಯಿಂದ ಹಲಗೆ ಸಮೇತ ಅಲೆಯ ಮೇಲೆ ಜಿಗಿಯುವುದರಲ್ಲಿ ಈಕೆ ನಿಸ್ಸೀಮಳು. 1819ರಲ್ಲಿ ರಾಜ ತೀರಿಕೊಂಡ. ಆಮೇಲೆ ಈಕೆಯ ಮತ್ತು ರಾಜಮಾತೆಯ ಒತ್ತಾಯಕ್ಕೆ ಹೊಸ ರಾಜ ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಅಷ್ಟೇ, ಕಪು ಮುರಿದುಬಿತ್ತು.

ಮರುವರ್ಷವೇ ಅಮೆರಿಕದಿಂದ ಪಾದ್ರಿಗಳು ಬಂದರು. ಮೈತುಂಬ ಬಟ್ಟೆಯಿಲ್ಲದೆ ಗಂಡು ಹೆಣ್ಣು ಕೂಡಿ ಆಡುವುದು, ಬಾಜಿ ಕಟ್ಟುವುದು ಅವರ ಕಣ್ಣಿಗೆ ಸರಿಬರಲಿಲ್ಲ. 1825ರಲ್ಲಿ ರಾಣಿಯೂ ಕ್ರೈಸ್ತಳಾದಳು. ಎಲ್ಲ ತಪ್ಪೂ ಪಾದ್ರಿಗಳದೇ ಎನ್ನಲಾರೆ. ಹೊರಗಿನಿಂದ ಬಂದ ರೋಗಗಳಿಗೆ ಜನ ಗುಂಪುಗುಂಪಾಗಿ ಸತ್ತು, ಆಡುವವರೇ ಕಡಮೆಯಾದರು. ಆದರೂ ನನಗೆ ಬೇಸರವೇ. ಬಾಳೆಹಣ್ಣು ಕೈಗೆ ಬಂತು ಅನ್ನುವಷ್ಟರಲ್ಲಿ ಹಲಗೆ ಜಾರಿತಲ್ಲ!

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೈಕಿಕಿ ತೀರದಲ್ಲಿ ಆಟ ಮತ್ತೆ ಚಿಗುರಿತು. 1912ರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೊಕು ಅದನ್ನು ಹೊರದೇಶಗಳಿಗೂ ಒಯ್ದ. 1915ರಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ಇಸಾಬೆಲ್ ಲೆಥಮ್ ಎಂಬ 15 ವರ್ಷದ ಹುಡುಗಿಯನ್ನು ತನ್ನ ಹಲಗೆಯ ಮೇಲೆ ಕರೆದೊಯ್ದ. ಅಲೆಯ ತುದಿಯಿಂದ ಕೆಳಗೆ ನೋಡಿ ಆಕೆ ಹೆದರಿದಳು. ಆತ ಕತ್ತಿನ ಹಿಂದೆ ಹಿಡಿದು ಎತ್ತಿ ನಿಲ್ಲಿಸಿಯೇಬಿಟ್ಟ. ಮುಂದೆ ಆಕೆ ಈಜು ಕಲಿಸುವ ಶಿಕ್ಷಕಿಯಾದಳು.

ಸರ್ಫಿಂಗ್ ಒಲಿಂಪಿಕ್ಸ್ ಸೇರಿದ್ದು 2021ರಲ್ಲಿ, ಟೋಕಿಯೋದಲ್ಲಿ. ಮಹಿಳೆಯರ ಮೊದಲ ಚಿನ್ನ ಹೋದದ್ದು ಹವಾಯಿಗೇ, ಕರಿಸ್ಸಾ ಮೂರ್ ಕೈಗೆ.

ನಮ್ಮ ಕರಾವಳಿಯಲ್ಲೂ ಈಗ ಈ ಆಟ ಇದೆ. ಮಣಿಪಾಲಕ್ಕೆ ಓದಲು ಬಂದ ಮುಂಬಯಿಯ ಇಶಿತಾ ಮಾಳವೀಯ 2007ರಲ್ಲಿ ಸರ್ಫಿಂಗ್ ಕಲಿತು, ಮುಂದೆ ಉಡುಪಿ ಬಳಿಯ ಕೋಡಿಬೆಂಗ್ರೆಯಲ್ಲಿ ಗೆಳೆಯರೊಡನೆ ಕ್ಲಬ್ಬು ಕಟ್ಟಿದರು. ಬಿಸಿಲಿಗೆ ಕಪ್ಪಾಗ್ತೀಯ ಅಂತ ಮಗಳನ್ನು ನೀರಿನಿಂದ ಎಳೆದು ತರುತ್ತಿದ್ದ ತಾಯಂದಿರಲ್ಲಿ ನಾನೂ ಒಬ್ಬಳು. ಕಳೆದ ಸಲ ಹೋದಾಗ ಹಾಗೆ ಮಾಡಲಿಲ್ಲ. ಚಪ್ಪಲಿ ಕಾಯಲು ಅವರಪ್ಪನನ್ನು ಕೂರಿಸಿ, ಅವಳ ಕೈ ಹಿಡಿದು ಸೊಂಟದ ತನಕ ಇಳಿದೆ.